ಬಾಡಿಗೆ ವಿಮಾನ ಮತ್ತು ಅದರ ಕಾಗದಪತ್ರ

ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣಕ್ಕೆ ಬರುವ ವಿಮಾನಗಳ ಹಿಂಭಾಗದಲ್ಲಿ ‘ವಿಟಿ’ ಎಂದು ಶುರುವಾಗುವ ಅಕ್ಷರಗಳಿರುತ್ತವೆ. ಭಾರತದಲ್ಲಿ ನೋಂದಣಿಯಾದ ವಿಮಾನ ಎಂಬುದರ ಗುರುತು ಅದು. ಹಾಗಂತ ಮಾಲೀಕರು ಭಾರತದವರೇ ಆಗಿರಬೇಕಿಲ್ಲ. ನಮ್ಮ ಕಂಪನಿಗಳ ವಿಮಾನಗಳಲ್ಲಿ ಬಹುಪಾಲು ಬಾಡಿಗೆಯವು. ಕೆಲವಂತೂ ಬೇರೆ ದೇಶದ ನೋಂದಣಿಯಲ್ಲೇ ಹಾರುತ್ತವೆ. 2023ರಲ್ಲಿ ಇಂಡಿಗೊ ದೆಹಲಿಯಿಂದ ಇಸ್ತಾಂಬುಲ್‌ಗೆ ಓಡಿಸಿದ ಬೋಯಿಂಗ್ 777 ಟರ್ಕಿಶ್ ಏರ್‌ಲೈನ್ಸ್‌ನದು. ನೋಂದಣಿ ಟರ್ಕಿಯದು, ಪೈಲಟ್‌ಗಳೂ ಅಲ್ಲಿಯವರೇ.

1944ರ ಷಿಕಾಗೊ ಒಪ್ಪಂದದ ಪ್ರಕಾರ ಒಂದು ವಿಮಾನಕ್ಕೆ ಒಂದೇ ದೇಶದ ನೋಂದಣಿ. ಅದು ಹಾರಲು ಯೋಗ್ಯ ಎಂಬ ಪ್ರಮಾಣಪತ್ರ ಕೊಡುವುದೂ ಆ ದೇಶವೇ. ಇದು ಬರೀ ಸರ್ಕಾರಿ ಕಾಗದ ಅನಿಸಬಹುದು. ಆದರೆ ಇದರ ಹಿಂದೆ ಲೋಹದ ಸ್ವಭಾವವಿದೆ.

ಬೋಯಿಂಗ್ 737ರ ಸಿಎಫ್‌ಎಂ56 ಎಂಜಿನ್ನಿನ ಒಳಗೆ ಬ್ಲೇಡುಗಳನ್ನು ಹಿಡಿದಿರುವ ಡಿಸ್ಕ್‌ಗಳು ನಿಮಿಷಕ್ಕೆ 14 ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತವೆ. ಪ್ರತಿ ಹಾರಾಟದಲ್ಲೂ ಡಿಸ್ಕ್ ಕಾಯುತ್ತದೆ, ಬಿಗಿಯುತ್ತದೆ, ಆಮೇಲೆ ತಣ್ಣಗಾಗಿ ಸಡಿಲಾಗುತ್ತದೆ. ಹೀಗೆ ಮತ್ತೆ ಮತ್ತೆ ಆದಾಗ ಲೋಹ ದಣಿಯುತ್ತದೆ. ಕಣ್ಣಿಗೆ ಕಾಣದ ಬಿರುಕು ಹುಟ್ಟಿ ಮೆಲ್ಲಗೆ ಬೆಳೆಯುತ್ತದೆ. ಡಿಸ್ಕ್ ಸಿಡಿದರೆ ಎಂಜಿನ್ನಿನ ಕವಚವೂ ಅದನ್ನು ತಡೆಯಲಾರದು. ಅದಕ್ಕೇ ಸುಮಾರು 20 ಸಾವಿರ ಹಾರಾಟ ಮುಗಿಯುವ ಮೊದಲೇ ಅದನ್ನು ತೆಗೆದುಬಿಡುತ್ತಾರೆ, ನೋಡಲು ಎಷ್ಟೇ ಚೆನ್ನಾಗಿರಲಿ. ಎಷ್ಟು ಹಾರಾಟ ಆಗಿದೆ ಅಂತ ಡಿಸ್ಕ್ ನೋಡಿ ಹೇಳಲು ಆಗುವುದಿಲ್ಲ. ಕಾರ್ಖಾನೆಯಿಂದ ಹೊರಬಂದ ದಿನದಿಂದ ಇವತ್ತಿನವರೆಗೆ ಯಾವ ಎಂಜಿನ್ನಿನಲ್ಲಿತ್ತು, ಎಷ್ಟು ಸಲ ಹಾರಿತು ಎಂಬ ದಾಖಲೆ ಒಂದೇ ಸಾಕ್ಷಿ.

ನಮ್ಮ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಿಂದ ರಿಪೇರಿಯಾಗಿ ಬಂದ ಬೋಗಿಯ ತುದಿ ನೋಡಿ. ಹಿಂದಿನ ಪಿಒಎಚ್ (ನಿಗದಿತ ಅವಧಿಗೊಮ್ಮೆ ಮಾಡುವ ಪೂರ್ಣ ರಿಪೇರಿ) ಯಾವಾಗ ಆಯಿತು, ಮುಂದಿನದು ಯಾವಾಗ ಎಂದು ಬಣ್ಣದಲ್ಲಿ ಬರೆದಿರುತ್ತಾರೆ. ವಿಮಾನದಲ್ಲಿ ಇಂಥ ಲೆಕ್ಕ ಬಿಡಿಭಾಗಕ್ಕೊಂದು ಬೇಕು, ಮತ್ತು ಆ ಲೆಕ್ಕವನ್ನು ಬೇರೆ ದೇಶಗಳೂ ನಂಬಬೇಕು.

ಆ ನಂಬಿಕೆ ಕಡಿದುಹೋದರೆ ಏನಾಗುತ್ತದೆ ಎಂದು ರಷ್ಯಾದಲ್ಲಿ ಕಂಡಿತು. ಅಲ್ಲಿನ ರಾಷ್ಟ್ರೀಯ ವಿಮಾನ ಸಂಸ್ಥೆ ಏರೋಫ್ಲಾಟ್ ಬಳಿ ಇದ್ದ ಏರ್‌ಬಸ್, ಬೋಯಿಂಗ್‌ಗಳಲ್ಲಿ ಬಹಳಷ್ಟು ಬಾಡಿಗೆಯವು. ಅವುಗಳ ನೋಂದಣಿ ಇದ್ದದ್ದು ಅಟ್ಲಾಂಟಿಕ್ ಸಾಗರದ ಪುಟ್ಟ ದ್ವೀಪ ಬರ್ಮುಡಾದಲ್ಲಿ! ಬಾಡಿಗೆ ಕೊಟ್ಟವರಿಗೆ ಅಲ್ಲಿನ ನೋಂದಣಿಯ ಮೇಲೆ ಭರವಸೆ ಜಾಸ್ತಿ. ದಿನನಿತ್ಯದ ತಪಾಸಣೆಯನ್ನು ಮಾತ್ರ ಒಪ್ಪಂದದ ಮೂಲಕ ರಷ್ಯಾಕ್ಕೆ ವಹಿಸಲಾಗಿತ್ತು.

ಯುಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾಕ್ಕೆ ವಿಮಾನ, ಬಿಡಿಭಾಗ ಕೊಡಬಾರದೆಂಬ ನಿರ್ಬಂಧಗಳು ಬಂದವು. ಇನ್ನು ಈ ವಿಮಾನಗಳ ಸುರಕ್ಷತೆಯ ಮೇಲೆ ಕಣ್ಣಿಡಲು ಆಗದು ಎಂದು ಬರ್ಮುಡಾ 2022ರ ಮಾರ್ಚ್ 12ರಂದು ಅವುಗಳ ಪ್ರಮಾಣಪತ್ರಗಳನ್ನು ತಡೆಹಿಡಿಯಿತು. ಎರಡೇ ದಿನದಲ್ಲಿ ರಷ್ಯಾ ಹೊಸ ಕಾನೂನು ತಂದು ಅವುಗಳನ್ನು ತನ್ನಲ್ಲೇ ನೋಂದಾಯಿಸಿಕೊಳ್ಳಲು ದಾರಿ ಮಾಡಿತು. ಹಳೆಯ ನೋಂದಣಿ ರದ್ದಾಗದೆ ಹೊಸದು! ಷಿಕಾಗೊ ಒಪ್ಪಂದಕ್ಕೆ ಇದು ನೇರ ವಿರುದ್ಧ. ಪ್ರಯಾಣಿಕರ ಜೀವದ ಪ್ರಶ್ನೆ ಇರುವಲ್ಲಿ ಹೀಗೆ ಮಾಡಿದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಆ ಜೂನ್‌ನಲ್ಲಿ ಐರ್ಲೆಂಡಿನ ಮಾಲೀಕ ಕಂಪನಿಯ ದೂರಿನ ಮೇಲೆ ಕೊಲಂಬೊದಲ್ಲಿ ಏರೋಫ್ಲಾಟ್‌ನ ಒಂದು ಏರ್‌ಬಸ್ 330 ಕೆಲವು ದಿನ ನಿಲ್ಲಬೇಕಾಯಿತು.

2023ರಲ್ಲಿ ಏರೋಫ್ಲಾಟ್ ಬಳಗದ 17 ವಿಮಾನ ಮತ್ತು 5 ಬಿಡಿ ಎಂಜಿನ್ನುಗಳಿಗಾಗಿ ರಷ್ಯಾದ ವಿಮಾ ಕಂಪನಿ, ಅವುಗಳನ್ನು ಬಾಡಿಗೆಗೆ ಕೊಟ್ಟಿದ್ದ ಐರ್ಲೆಂಡಿನ ಏರ್‌ಕ್ಯಾಪ್‌ಗೆ ಸುಮಾರು 64.5 ಕೋಟಿ ಡಾಲರ್ ಕೊಟ್ಟಿತು. ಅಷ್ಟು ವಿಮಾನಗಳ ಮಾಲೀಕತ್ವದ ಜಗಳ ಹೀಗೆ ದುಡ್ಡಿನಿಂದ ಬಗೆಹರಿಯಿತು. ಆದರೆ ತಯಾರಕರ ಬೆಂಬಲವಿಲ್ಲದೆ ಕಳೆದ ಅವಧಿಯ ದಾಖಲೆಯ ಪ್ರಶ್ನೆ ಹಾಗೇ ಉಳಿದಿದೆ. ಆಗ ಹಾಕಿದ ಬಿಡಿಭಾಗ ಎಲ್ಲಿಂದ ಬಂತು, ಅದರಲ್ಲಿ ಎಷ್ಟು ಆಯಸ್ಸು ಉಳಿದಿದೆ ಎಂದು ತೋರಿಸಲಾಗದಿದ್ದರೆ, ಆ ವಿಮಾನವನ್ನು ಮುಂದೆ ಕೊಳ್ಳುವವರು ಅಂಥ ಭಾಗಗಳನ್ನು ಕಿತ್ತು ಹೊಸದನ್ನೇ ಹಾಕಬೇಕಾಗುತ್ತದೆ.