ನಮ್ಮ ವಕೀಲರೇ ಜಡ್ಜ್ ಆದರೆ ನಮ್ಮ ಫೈಲ್ ಬೇಗ ಆಗುತ್ತಾ?

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಪ್ರೊಬೇಟ್ ಜಡ್ಜ್, ಅಂದರೆ ವಿಲ್, ವಾರಸುದಾರಿಕೆಯಂಥ ವಿಷಯ ನೋಡುವ ಜಡ್ಜ್, ಇವರ ಚುನಾವಣೆ ಹತ್ತಿರ ಬಂತೆಂದರೆ ಒಂದೇ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ವಕೀಲನಾದ ನನ್ನ ಫೋನಿಗೆ ಬರುತ್ತದೆ. "ಸರ್, ನಮ್ಮ ವಿಲ್ ಬರೆದುಕೊಟ್ಟ ಲಾಯರೇ ಈ ಸಲ ನಿಂತಿದ್ದಾರಂತೆ. ಅವರು ಗೆದ್ದರೆ ನಾಳೆ ನಮಗೆ ಅನುಕೂಲ ಅಲ್ವಾ?" ಕನ್ನಡ ಕೂಟದ ಊಟದ ಸಾಲಿನಲ್ಲಿ, ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡೇ ಕೇಳಿದವರೂ ಇದ್ದಾರೆ.

ಇಲ್ಲ ಸ್ವಾಮಿ. ಅವರು ಗೆದ್ದರೆ ನಿಮ್ಮ ಕೈಲಿದ್ದ ಒಳ್ಳೆಯ ವಕೀಲರು ಹೋದರು ಅಂತಲೇ ಲೆಕ್ಕ.

ಇದನ್ನು ಎಷ್ಟು ಸಲ ಹೇಳಿದರೂ ಜನರ ತಲೆಗೆ ಇಳಿಯುವುದಿಲ್ಲ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಯಾವ ವಿಷಯದಲ್ಲಿ ತಾನು ವಕೀಲನಾಗಿ ಕೆಲಸ ಮಾಡಿದ್ದಾನೋ ಆ ವಿಷಯವನ್ನು ಜಡ್ಜ್ ಆಗಿ ಕೇಳುವಂತಿಲ್ಲ. ನಿಮ್ಮ ವಿಲ್ ಅವರ ಆಫೀಸಿನಲ್ಲಿ ತಯಾರಾಗಿದ್ದು, ನಾಳೆ ನಿಮ್ಮ ತಮ್ಮನೋ ಮೊದಲ ಮದುವೆಯ ಮಗನೋ ತಕರಾರು ತೆಗೆದರೆ, ಅವರು ಕೇಸಿನಿಂದ ಹಿಂದೆ ಸರಿಯಬೇಕು. ಬೇರೆ ಜಡ್ಜ್ ಬರಬೇಕು, ತಾರೀಖು ಮುಂದೆ ಹೋಗುತ್ತದೆ. ಇನ್ನೂ ಒಂದಿದೆ. ವಿಲ್ ಬರೆಸಿದ ದಿನ ಅಪ್ಪನ ಬುದ್ಧಿ ಸ್ವಾಧೀನದಲ್ಲಿತ್ತೇ ಎಂಬ ಪ್ರಶ್ನೆ ಎದ್ದಾಗ ಮೊದಲು ನೆನಪಾಗುವ ಸಾಕ್ಷಿ ಅದನ್ನು ಬರೆದ ವಕೀಲರೇ. ನೀವು ಪೀಠದ ಮೇಲೆ ಕೂರಿಸಿ ಸಂತೋಷಪಟ್ಟವರನ್ನು ಸಾಕ್ಷಿಕಟ್ಟೆಗೆ ಕರೆಯುವ ಪರಿಸ್ಥಿತಿಯೂ ಬರಬಹುದು. "ಗೆದ್ದ ಮೇಲೆ ನಿಮ್ಮದು ನೋಡ್ಕೋತೀನಿ ಬಿಡಿ" ಅಂತ ಪ್ರಚಾರದಲ್ಲಿ ಮಾತು ಕೊಡುವ ಅಭ್ಯರ್ಥಿ ಸಿಕ್ಕರೆ ಅವರಿಗೆ ವೋಟು ಹಾಕಬೇಡಿ. ಕೇಸುಗಳ ವಿಷಯದಲ್ಲಿ ಹಾಗೆ ಮಾತು ಕೊಡುವುದನ್ನು ನ್ಯಾಯಾಂಗದ ನೀತಿಸಂಹಿತೆಯೇ ನಿಷೇಧಿಸಿದೆ.

ಹಾಗಾದರೆ ಏನು ನೋಡಿ ಆರಿಸುವುದು? ಕಾಗದದ ಮೇಲಿನ ಅರ್ಹತೆ ಹೆಚ್ಚೇನೂ ಹೇಳುವುದಿಲ್ಲ. ಇಲ್ಲಿ 159 ಕೌಂಟಿಗಳು (ನಮ್ಮ ಜಿಲ್ಲೆಗಳಿದ್ದ ಹಾಗೆ), ಪ್ರತಿ ಕೌಂಟಿಗೂ ಒಂದು ಪ್ರೊಬೇಟ್ ಕೋರ್ಟು. ಸ್ಥೂಲವಾಗಿ ಹೇಳುವುದಾದರೆ ಜನಸಂಖ್ಯೆ 90,000 ದಾಟಿದ ಕಡೆ ಅಭ್ಯರ್ಥಿಗೆ 30 ವರ್ಷ ತುಂಬಿರಬೇಕು, 7 ವರ್ಷ ವಕೀಲಿಕೆ ಆಗಿರಬೇಕು. ಉಳಿದ ಕಡೆ 25 ವರ್ಷ ವಯಸ್ಸು, ಹೈಸ್ಕೂಲ್ ಪಾಸು, ಅಷ್ಟು ಸಾಕು. ಹೌದು, ಸರಿಯಾಗಿಯೇ ಓದಿದಿರಿ. ನಮ್ಮವರು ಇದನ್ನು ಕೇಳಿ ಗಾಬರಿಯಾಗುತ್ತಾರೆ. ಆದರೆ ಅದೇ ಕೋರ್ಟಿನಲ್ಲಿ ಗುಮಾಸ್ತೆಯಾಗಿದ್ದು ಮೇಲೆ ಬಂದ, ಲಾ ಓದದ ಜಡ್ಜಮ್ಮನವರ ಮುಂದೆ ನಾನು ನಿಂತಿದ್ದೇನೆ. ನನ್ನ ಅರ್ಜಿಯಲ್ಲಿ ಒಬ್ಬ ವಾರಸುದಾರನ ನೋಟಿಸ್ ವಿಳಾಸ ಬಿಟ್ಟಿದ್ದನ್ನು ಎದುರು ಪಕ್ಷದ ವಕೀಲರಿಗಿಂತ ಮೊದಲು ಅವರೇ ಹಿಡಿದರು.

ಇನ್ನೊಂದು ಭ್ರಮೆ, 'ವರ್ಷಗಟ್ಟಲೆ ವಿಲ್ ಬರೆದವರು, ಇವರಿಗಿಂತ ಯೋಗ್ಯರು ಯಾರು?' ಎನ್ನುವುದು. ವಿಲ್ ಬರೆಯುವುದು ಬಾಗಿಲು ಹಾಕಿಕೊಂಡು, ಕಾಫಿ ಕುಡಿಯುತ್ತಾ ಮಾಡುವ ಕೆಲಸ. ಕೋರ್ಟಿನ ಕೌಂಟರಿನ ಮುಂದೆ ನಿಲ್ಲುವ ಜನರೇ ಬೇರೆ. ಮದುವೆ ಲೈಸೆನ್ಸಿಗೆ ಬಂದ ಜೋಡಿ, ಬಂದೂಕಿನ ಲೈಸೆನ್ಸಿಗೆ ಬಂದವರು, ಮರೆವಿನ ಕಾಯಿಲೆಯ ತಾಯಿಗೆ ಗಾರ್ಡಿಯನ್, ಅಂದರೆ ಕಾನೂನಿನ ಪ್ರಕಾರ ಪಾಲಕಿ, ಆಗಬೇಕೆಂದು ಬಂದ ಮಗಳು, ಬೇಡವೆಂದು ಬಂದ ಅವಳ ತಮ್ಮ. ಶುಕ್ರವಾರ ಸಂಜೆ ಕೋರ್ಟು ಮುಚ್ಚುವ ಹೊತ್ತಿಗೆ ಒಂದು ಮನೆಯ ಇಬ್ಬರು ಓಡಿಬಂದು, ಹುಡುಗನನ್ನು ಕಳೆದ 48 ಗಂಟೆಯೊಳಗೆ ಕಣ್ಣಾರೆ ನೋಡಿದ್ದೇವೆ, ಜೀವಕ್ಕೆ ಅಪಾಯ ಮಾಡಿಕೊಳ್ಳುತ್ತಾನೆ ಎಂದು ಪ್ರಮಾಣಪತ್ರ ಕೊಡುತ್ತಾರೆ. ಅದರ ಮೇಲೆ ಅವನನ್ನು ಮಾನಸಿಕ ತಪಾಸಣೆಗೆ ಕರೆದೊಯ್ಯಲು ಆದೇಶ ಕೊಡಬೇಕೋ ಬೇಡವೋ ಅಂತ ತೀರ್ಮಾನಿಸುವುದು ಈ ಕೋರ್ಟೇ. ಇಬ್ಬರೂ ನಿಜ ಹೇಳುತ್ತಿದ್ದಾರೋ, ಆಸ್ತಿ ಜಗಳಕ್ಕೆ ಈ ದಾರಿ ಹಿಡಿದಿದ್ದಾರೋ ಅನ್ನುವುದನ್ನು ಆ ಗಳಿಗೆಯಲ್ಲೇ ಅಳೆಯಬೇಕು. ಅದಕ್ಕೇ ನಾನು ಅಭ್ಯರ್ಥಿಯನ್ನು ಕೇಳುವುದು ಇಷ್ಟೇ: ತಕರಾರಿನ ಗಾರ್ಡಿಯನ್‌ಶಿಪ್ ವಿಚಾರಣೆಯಲ್ಲಿ ಎಷ್ಟು ಸಲ ನಿಂತಿದ್ದೀರಿ? ಮರೆವಿನ ಆ ತಾಯಿಯಂಥವರ ಪರವಾಗಿ ಎಂದಾದರೂ ವಾದಿಸಿದ್ದೀರಾ, ಅಥವಾ ಯಾವಾಗಲೂ ಮಕ್ಕಳ ಪರವಾಗಿಯೇನಾ?

ನಮ್ಮ ಕಡೆಯ ಒಬ್ಬ ಹೆಣ್ಣುಮಗಳ ವಿಷಯ ಹೇಳಬೇಕು, ಗುರುತು ಸಿಗದಂತೆ ಅಲ್ಲಿ ಇಲ್ಲಿ ಬದಲಿಸಿದ್ದೇನೆ. ಗಂಡ ವಿಲ್ ಬರೆಯದೆ ಹೋದರು. ಮನೆ ಅವರೊಬ್ಬರ ಹೆಸರಿನಲ್ಲಿ, ಇಬ್ಬರು ಚಿಕ್ಕ ಮಕ್ಕಳು. ಎಲ್ಲ ತನಗೇ ಬರುತ್ತದೆ ಅಂದುಕೊಂಡಿದ್ದರು ಪಾಪ. ಇಲ್ಲಿನ ಕಾನೂನಿನಲ್ಲಿ ಅವರಿಗೆ ಮೂರನೇ ಒಂದು ಪಾಲು, ಮಿಕ್ಕಿದ್ದು ಮಕ್ಕಳದು. ತೀರಿಕೊಂಡವರ ಆಸ್ತಿಯಿಂದ ಹೆಂಡತಿ-ಮಕ್ಕಳ ಜೀವನಕ್ಕೆ ಮೊದಲೇ ಎತ್ತಿಡುವ 'ಇಯರ್ಸ್ ಸಪೋರ್ಟ್' ಎಂಬ ಒಂದು ದಾರಿ ಇದೆ, ಸಾವಿನ ನಂತರ 24 ತಿಂಗಳೊಳಗೆ ಅರ್ಜಿ ಹಾಕಬೇಕು, ಹಾಕಿದೆವು. ಯಾರದೂ ಆಕ್ಷೇಪಣೆ ಇರಲಿಲ್ಲ. ಆದರೂ ಜಡ್ಜ್ ಮಕ್ಕಳ ಪರವಾಗಿ ಬೇರೊಬ್ಬ ವಕೀಲರನ್ನು ನೇಮಿಸಿದರು. ವಿಚಾರಣೆಯ ದಿನ ಮನೆ ಸಾಲದ ಕಂತೆಷ್ಟು, ಮಕ್ಕಳ ಇನ್ಶೂರೆನ್ಸ್ ಯಾರು ಕಟ್ಟುತ್ತಿದ್ದಾರೆ, ಊರಿನಿಂದ ಅಜ್ಜಿ ಬಂದು ಇರುತ್ತಾರಾ ಅಂತೆಲ್ಲ ಜಡ್ಜ್ ಕೇಳಿದರು. ಆಯಮ್ಮ ಹೊರಗೆ ಬಂದು, "ಸರ್, ಅವರಿಗೆ ನನ್ನ ಮೇಲೆ ಅನುಮಾನನಾ?" ಅಂದರು. ಇಲ್ಲಮ್ಮ, ಆ ಮಕ್ಕಳು ನಾಳೆ ದೊಡ್ಡವರಾದಾಗ ಆದೇಶ ನಿಲ್ಲಬೇಕಲ್ಲ, ಅದಕ್ಕೆ ಅಂದೆ. ಮನೆ ಅವರಿಗೆ ಬಂತು. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ, ಕೇಸಿನಿಂದ ಕೇಸಿಗೆ ವ್ಯತ್ಯಾಸ ಇರುತ್ತದೆ. ಅಂದಹಾಗೆ, ಬೆಂಗಳೂರಿನ ಸೈಟಿನ ಬಗ್ಗೆ ಈ ಕೋರ್ಟನ್ನು ಕೇಳಬೇಡಿ. ಅದಕ್ಕೆ ಅಲ್ಲಿನ ಕಾನೂನು, ಅಲ್ಲಿನ ವಕೀಲರು.

ಪ್ರೊಬೇಟ್ ಜಡ್ಜ್ ಅವಧಿ ನಾಲ್ಕು ವರ್ಷ, ಮುಂದಿನ ಚುನಾವಣೆ 2028ರಲ್ಲಿ. ಎಷ್ಟೋ ಕೌಂಟಿಗಳಲ್ಲಿ ಪಕ್ಷದ ಹೆಸರಿನಲ್ಲೇ ನಿಲ್ಲುತ್ತಾರೆ. ಆದರೆ ಪಕ್ಷರಹಿತ ಚುನಾವಣೆ ಇರುವ ಕಡೆ ಮತದಾನ ಮೇ ತಿಂಗಳಲ್ಲೇ ಮುಗಿದುಹೋಗುತ್ತದೆ. 2024ರಲ್ಲಿ ಮೇ 21ಕ್ಕೆ ಆಯಿತು. ನವೆಂಬರಿನಲ್ಲಿ ಹೋಗಿ ಆ ಹೆಸರು ಹುಡುಕಿ, ಆಮೇಲೆ ನನಗೆ ಫೋನ್ ಮಾಡಿದವರಿದ್ದಾರೆ. ಮೇ ಅಂದರೆ ನಮ್ಮವರೆಲ್ಲ ಊರಿಗೆ ಹೊರಡಲು ಸೂಟ್‌ಕೇಸ್ ತೂಕ ಮಾಡುತ್ತಿರುವ ಕಾಲ. ಸಿಟಿಜನ್ ಆಗಿ ಹೆಸರು ನೋಂದಾಯಿಸಿದವರು ಮುಂಗಡ ಮತದಾನದಲ್ಲೇ ವೋಟು ಹಾಕಿ ಹೊರಡಬಹುದು. ಯಾವ ಪಕ್ಷಕ್ಕೂ ಸೇರದವರು ಎರಡೂ ಪಕ್ಷಗಳ ಬ್ಯಾಲೆಟ್ ಬಿಟ್ಟು, ನಾನ್‌ಪಾರ್ಟಿಸನ್ (ಪಕ್ಷರಹಿತ) ಬ್ಯಾಲೆಟ್ ಕೊಡಿ ಅಂತ ಕೇಳಿದರೆ ಕೊಡುತ್ತಾರೆ.