‘ಅಪ್ಪನಿಗೆ ಮಾತ್ರ ಹೇಳಬೇಡಿ ಮೇಡಂ’

ನನ್ನನ್ನು ಕಾರಿಡಾರಿಗೆ ಕರೆದು ಪಿಸುಗುಡುವ ಮಕ್ಕಳನ್ನು ಕಂಡರೆ ಈಗೀಗ ಸಿಟ್ಟೇ ಬರುತ್ತದೆ. ‘ಹೋದ ದೃಷ್ಟಿ ಮತ್ತೆ ಬರಲ್ಲ ಅಂತ ಅಪ್ಪನಿಗೆ ಮಾತ್ರ ಹೇಳಬೇಡಿ ಮೇಡಂ, ತಡ್ಕೊಳಲ್ಲ ಅವ್ರು.’ ಒಳಗೆ ಕೂತ ಅಪ್ಪನಿಗೆ ಕಣ್ಣು ಕಾಣುವುದು ಕಷ್ಟ, ಕಿವಿ ಚೆನ್ನಾಗಿಯೇ ಇದೆ. ಬಾಗಿಲು ಅರ್ಧ ತೆರೆದೇ ಇರುತ್ತದೆ.

ಹೋದ ವರ್ಷ ನಮ್ಮ ಲೋ ವಿಷನ್ ಕ್ಲಿನಿಕ್‌ಗೆ, ಅಂದರೆ ಉಳಿದಷ್ಟು ದೃಷ್ಟಿಯನ್ನೇ ಬಳಸಲು ಕಲಿಸುವ ಕಡೆಗೆ, ಒಬ್ಬರು ಬಂದರು. ಕಿರಾಣಿ ಅಂಗಡಿ ಇಟ್ಟವರು. ಗ್ಲಾಕೋಮಾ. ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ನಡುವೆ ಒಂದಿಷ್ಟು ಉಳಿದಿತ್ತು, ಕೊಳವೆಯೊಳಗಿಂದ ನೋಡಿದ ಹಾಗೆ. ಮಗ ಕಾರಿಡಾರ್ ಕಾರ್ಯಕ್ರಮ ಮುಗಿಸಿ ಬಿಲ್ ಕಟ್ಟಲು ಹೋದ. ಅವನ ಚಪ್ಪಲಿ ಸದ್ದು ದೂರ ಆಗುವ ತನಕ ಕಾದು ಅಪ್ಪ ಹೇಳಿದರು: ‘ನಂಗೊತ್ತಮ್ಮ, ಇದು ಹೋಗೋ ಕಣ್ಣೇ. ಮಗನಿಗೆ ಹೇಳ್ಬೇಡಿ, ಪಾಪ ಹೆದರ್ಕೊಳ್ತಾನೆ.’ ಎರಡು ವರ್ಷದಿಂದ ನೋಟುಗಳನ್ನು ಮಡಿಕೆಯಲ್ಲೇ ಗುರುತು ಹಿಡಿಯುತ್ತಿದ್ದರಂತೆ. ನೂರಕ್ಕೆ ಒಂದು ಮಡಿಕೆ, ಇನ್ನೂರಕ್ಕೆ ಎರಡು, ಐನೂರು ಸೀದಾ ಒಳಜೇಬಿಗೆ.

ಇಷ್ಟೇ ಆಗಿದ್ದರೆ ನಗಬಹುದಿತ್ತು. ಕಣ್ಣಿಗೆ ಡ್ರಾಪ್ಸ್ ಹಾಕೋದು ನಿಲ್ಲಿಸಿ ಎಂಟು ತಿಂಗಳಾಗಿತ್ತು! ಯಾಕೆ ಅಂದರೆ, ‘ಎಷ್ಟು ಹಾಕಿದ್ರೂ ಒಂಚೂರೂ ಜಾಸ್ತಿ ಕಾಣ್ಲಿಲ್ವಲ್ಲ.’ ಮನೆಯವರು ‘ಹಾಕ್ಕೊಳ್ಳಿ, ಸರಿ ಹೋಗುತ್ತೆ’ ಅಂದಿದ್ದರು. ಸರಿ ಹೋಗಲಿಲ್ಲ, ಬಿಟ್ಟರು. ವ್ಯಾಪಾರಸ್ಥರ ಲೆಕ್ಕ, ಅದರಲ್ಲಿ ತಪ್ಪೇನಿದೆ?

ಬೇಜಾರಾದರೂ ಪರವಾಗಿಲ್ಲ, ಮತ್ತೆ ಹೇಳುತ್ತೇನೆ. ಗ್ಲಾಕೋಮಾದಲ್ಲಿ ಹಾಳಾಗುವುದು ಕಣ್ಣಿನಿಂದ ಮೆದುಳಿಗೆ ಹೋಗುವ ನರ. ಹಾಳಾದಷ್ಟು ಭಾಗ ಮತ್ತೆ ಸರಿಯಾಗುವುದಿಲ್ಲ. ಡ್ರಾಪ್ಸ್ ಇರುವುದು ಕಣ್ಣಿನೊಳಗಿನ ಪ್ರೆಶರ್ ಇಳಿಸಿ ಉಳಿದದ್ದನ್ನು ಉಳಿಸಲು, ಹೋದದ್ದನ್ನು ತರಲು ಅಲ್ಲ. ಅದು ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ನಿಮಗೆ ಏನೂ ಗೊತ್ತಾಗುವುದಿಲ್ಲ, ಇವತ್ತು ಕಂಡಷ್ಟೇ ಬರುವ ವರ್ಷವೂ ಕಂಡರೆ ಡ್ರಾಪ್ಸ್ ತನ್ನ ಕೆಲಸ ಮಾಡಿದೆ ಅಂತಲೇ ಅರ್ಥ. ‘ಹೋದದ್ದು ಬರಲ್ಲ’ ಅನ್ನುವುದನ್ನು ಮುಚ್ಚಿಟ್ಟು ‘ಉಳಿದದ್ದನ್ನು ನೋಡಿಕೊಳ್ಳಿ’ ಅಂತ ಹೇಳುವುದು ಹೇಗೆ, ನೀವೇ ಹೇಳಿ.

ಹೇಳಿದ ದಿನ ಅಳುತ್ತಾರೆ, ಅಳಲಿ. ಕೆಲವರು ನನ್ನ ಮೇಲೆ ರೇಗಿ ಇನ್ನೂ ಮೂರು ಡಾಕ್ಟರ ಹತ್ತಿರ ಹೋಗಿ ಬರುತ್ತಾರೆ, ಅದೂ ಆಗಲಿ. ಎಲ್ಲರಿಗೂ ಒಂದೇ ದಿನ ಪೂರ್ತಿ ಹೇಳಬೇಕು ಅಂತಲೂ ಇಲ್ಲ, ಎಷ್ಟು ತಿಳಿಯಬೇಕು ಅಂತ ಅವರನ್ನೇ ಕೇಳಬಹುದು. ಆದರೆ ವಾರಗಟ್ಟಲೆ ಊಟ ನಿದ್ದೆ ಇಲ್ಲ, ‘ಇದ್ದು ಏನು ಪ್ರಯೋಜನ’ ಅನ್ನುವ ಮಾತು ಶುರುವಾಯಿತು ಅಂದರೆ ಸುಮ್ನೆ ಸಮಾಧಾನ ಹೇಳುತ್ತಾ ಕೂರಬೇಡಿ, ಮನೋವೈದ್ಯರಿಗೆ ತೋರಿಸಿ. ರಾತ್ರಿ ಹೊತ್ತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡಬಹುದು.

ಆ ದಿನ ಅಪ್ಪನ ಒಪ್ಪಿಗೆ ಕೇಳಿ, ಮಗನನ್ನು ಒಳಗೆ ಕರೆದು ಕೂರಿಸಿದೆ. ‘ಎರಡು ವರ್ಷದಿಂದ ಗೊತ್ತಿತ್ತಾ? ಯಾಕಪ್ಪ ಹೇಳ್ಲಿಲ್ಲ?’ ಅಪ್ಪ ನನ್ನ ಮೇಜು ತಡವುತ್ತಾ, ‘ಹೇಳಿದ್ರೆ ನೀನು ಅಂಗಡಿ ಬಿಡಿಸ್ತಿದ್ದೆ’ ಅಂದರು. ಹೆದರಿದ್ದು ಯಾರು ಅಂತ ನನಗೆ ಆಗ ಗೊತ್ತಾಯಿತು.

ಮೊನ್ನೆ ಬಂದಿದ್ದರು. ಜೇಬಿನಲ್ಲಿ ಡ್ರಾಪ್ಸ್ ಬಾಟಲಿ ಎರಡು, ರಾತ್ರಿಯದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿದ್ದರು. ಅಪ್ಪ ಮಗ ಇಬ್ಬರೂ ನನ್ನೆದುರೇ ಜೋರು ಜಗಳ, ಅಂಗಡಿ ಬೀಗದಕೈ ಯಾರ ಹತ್ತಿರ ಇರಬೇಕು ಅಂತ.