ಇಲ್ಲೇ ಮಾರುಕಟ್ಟೆಗೆ ಹೋಗಲೂ ಹೆಲ್ಮೆಟ್ ಬೇಕೇ?

ಪ್ರಶ್ನೆ: ಮನೆಯಿಂದ ಮಾರುಕಟ್ಟೆಗೆ ಒಂದೂವರೆ ಕಿಲೋಮೀಟರ್. ಸ್ಕೂಟರನ್ನು ನಾನು 25ರ ಮೇಲೆ ಓಡಿಸುವುದೇ ಇಲ್ಲ. ಹಿಂದೆ ಕೂರುವ ಹೆಂಡತಿಗೂ ಹೆಲ್ಮೆಟ್ ಬೇಕೇ?

ಬೇಕು. ಮಾರುಕಟ್ಟೆಯ ಬದಲು ಹಾಲಿನ ಅಂಗಡಿ, ದೇವಸ್ಥಾನ, ಮಗಳ ಶಾಲೆ ಎಂದು ಊರು ಸುತ್ತಿ ಇದೇ ಪ್ರಶ್ನೆ ಮತ್ತೆ ಮತ್ತೆ ನನ್ನ ಬಳಿಗೆ ಬರುತ್ತದೆ. ಆದ್ದರಿಂದ ಕಾನೂನನ್ನು ಬೇಗ ಮುಗಿಸುತ್ತೇನೆ. ಮೋಟಾರು ವಾಹನ ಕಾಯ್ದೆಯ 129ನೇ ಕಲಂ, 2019ರ ತಿದ್ದುಪಡಿಯ ನಂತರ, ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರಿಗೂ ಅನ್ವಯಿಸುತ್ತದೆ. ಓಡಿಸುವವರು, ಕೂರುವವರು ಎಂಬ ಭೇದವಿಲ್ಲ. ಪೇಟ ಧರಿಸಿದ ಸಿಖ್ಖರಿಗೆ ವಿನಾಯಿತಿ ಇದೆ, ತರಕಾರಿ ತರುವವರಿಗೆ ಇಲ್ಲ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೆ 2016ರಿಂದಲೇ ಕಡ್ಡಾಯ. ಕಾಯ್ದೆಯ 1000 ರೂಪಾಯಿ ದಂಡವನ್ನು ನಮ್ಮ ಸರ್ಕಾರ 500ಕ್ಕೆ ಇಳಿಸಿತು. ಮೂರು ತಿಂಗಳು ಪರವಾನಗಿ ಅನರ್ಹಗೊಳಿಸುವ ಮಾತೂ ಕಾಯ್ದೆಯಲ್ಲಿದೆ.

ಈಗ ಆ ‘25ರ ಮೇಲೆ ಓಡಿಸುವುದೇ ಇಲ್ಲ’ ಎಂಬ ಮಾತಿಗೆ ಬರೋಣ. ನಿಧಾನವಾಗಿ ಹೋದರೆ ಪೆಟ್ಟೂ ನಿಧಾನವಾಗಿ ಬೀಳುತ್ತದೆ ಎಂಬ ಈ ನಂಬಿಕೆ ಯಾರು ಹೇಳಿದರೂ ಹೋಗುವುದಿಲ್ಲ. ಸ್ಕೂಟರ್ ನಿಂತೇ ಇದೆ ಎಂದುಕೊಳ್ಳಿ, ವೇಗ ಸೊನ್ನೆ. ಕುಳಿತವರ ತಲೆ ರಸ್ತೆಯಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಿಂದ ಬಿದ್ದದ್ದು ನೆಲ ಮುಟ್ಟುವ ಹೊತ್ತಿಗೆ ಗಂಟೆಗೆ ಹತ್ತಿರ ಹತ್ತಿರ 20 ಕಿ.ಮೀ. ವೇಗ ಪಡೆದಿರುತ್ತದೆ. ಇದು ಪ್ರೌಢಶಾಲೆಯ ಲೆಕ್ಕ. ನಂಬದಿದ್ದರೆ ಮಗನ ಪುಸ್ತಕ ತೆರೆದು ನೋಡಿ. ಆ ವೇಗದಲ್ಲಿ ಓಡಿಹೋಗಿ ಕಾಂಪೌಂಡ್ ಗೋಡೆಗೆ ತಲೆ ಚಚ್ಚಿಕೊಳ್ಳಲು ನೀವು ಸಿದ್ಧರೇ? ಈ 20 ಕಿ.ಮೀ. ಭೂಮಿಯ ಸೆಳೆತದ್ದು, ನಿಮ್ಮ ಆಕ್ಸಿಲರೇಟರಿನದಲ್ಲ. ನೀವು ಎಷ್ಟೇ ಸಾಧುವಾಗಿ ಓಡಿಸಿದರೂ ಅದು ಕಡಿಮೆಯಾಗದು.

ಹೆಲ್ಮೆಟ್ಟು ಈ ವೇಗವನ್ನು ಕಡಿಮೆ ಮಾಡುವುದಿಲ್ಲ, ತಲೆ ನಿಲ್ಲುವ ದೂರವನ್ನು ಹೆಚ್ಚಿಸುತ್ತದೆ. ಒಳಗಿನ ಥರ್ಮೋಕೋಲ್ ಜಜ್ಜಿಹೋಗುತ್ತಾ ತಲೆಯನ್ನು ಮೂರು ಸೆಂಟಿಮೀಟರಿನಲ್ಲಿ ನಿಲ್ಲಿಸಿತೆಂದರೆ ತಲೆಯ ಮೇಲಿನ ಬಲ ಗುರುತ್ವದ ಸುಮಾರು 50 ಪಟ್ಟು. ಬರಿತಲೆ ಡಾಂಬರಿನ ಮೇಲೆ ಮೂರೇ ಮಿಲಿಮೀಟರಿನಲ್ಲಿ ನಿಂತರೆ ಅದು 500 ಪಟ್ಟು. ಕೈಜಾರಿದ ತೆಂಗಿನಕಾಯಿ ಮೆತ್ತೆಯ ಮೇಲೆ ಬಿದ್ದದ್ದಕ್ಕೂ ಚಪ್ಪಡಿಯ ಮೇಲೆ ಬಿದ್ದದ್ದಕ್ಕೂ ಇರುವಷ್ಟೇ ವ್ಯತ್ಯಾಸ. ಹಿಂದೆ ಕೂತವರ ಪಾಡು ಇನ್ನೂ ಕಷ್ಟ: ಹಿಡಿಯಲು ಹ್ಯಾಂಡಲ್ ಇಲ್ಲ, ಎದುರಿನ ಗುಂಡಿ ಕಾಣುವುದಿಲ್ಲ, ಸೀರೆಯುಟ್ಟು ಒಂದೇ ಕಡೆಗೆ ಕಾಲು ಇಳಿಬಿಟ್ಟಿದ್ದರೆ ಬಣ್ಣ ಬಳಿಯದ ಒಂದು ಹಂಪ್ ಸಾಕು.

ಥರ್ಮೋಕೋಲಿನ ಮಾತು ಬಂದದ್ದರಿಂದ ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ. ‘ಹೆಂಡತಿಗೆ ನನ್ನ ಹಳೆಯದೇ ಇದೆಯಲ್ಲ’ ಎಂಬ ಯೋಚನೆ ನಿಮಗೆ ಈಗಾಗಲೇ ಬಂದಿರುತ್ತದೆ. ಥರ್ಮೋಕೋಲ್ ಒಮ್ಮೆ ಜಜ್ಜಿಹೋದರೆ ಮತ್ತೆ ಉಬ್ಬುವುದಿಲ್ಲ. ಹೋದ ವರ್ಷ ನೀವು ಬಿದ್ದಾಗ ನಿಮ್ಮ ತಲೆ ಉಳಿಸಿದ ಹೆಲ್ಮೆಟ್ಟು, ಮೇಲೆ ಬಣ್ಣ ಹೊಳೆಯುತ್ತಿದ್ದರೂ, ಒಳಗೆ ತನ್ನ ಕೆಲಸ ಮುಗಿಸಿದೆ. ಅದನ್ನು ಹೆಂಡತಿಗೆ ಕೊಡುವುದು ಉಡುಗೊರೆಯಲ್ಲ. ಫುಟ್‌ಪಾತಿನ ಟೋಪಿಯಂಥ ಹೆಲ್ಮೆಟ್ಟಿನಲ್ಲಿ ಎಷ್ಟೋ ಸಲ ಥರ್ಮೋಕೋಲೇ ಇರುವುದಿಲ್ಲ, ತೆಳು ಸ್ಪಂಜು ಅಂಟಿಸಿರುತ್ತಾರೆ. ಐಎಸ್‌ಐ ಗುರುತು, ಅದರ ಜೊತೆ ಐಎಸ್ 4151 ಎಂಬ ಸಂಖ್ಯೆ ನೋಡಿ ಕೊಳ್ಳಿ. 2021ರ ಜೂನ್‌ನಿಂದ ಈ ಗುರುತಿಲ್ಲದ್ದನ್ನು ಮಾರುವುದೇ ಕಾನೂನುಬಾಹಿರ.

ಇನ್ನು ಗಲ್ಲದ ಪಟ್ಟಿ. ಭದ್ರವಾಗಿ ಕಟ್ಟಿದರೆ ಮಾತ್ರ ಅದು ಹೆಲ್ಮೆಟ್ ಎಂದು 129ನೇ ಕಲಮಿನ ವಿವರಣೆಯೇ ಹೇಳುತ್ತದೆ. ಕೊಳ್ಳುವಾಗ ಹೆಂಡತಿಯನ್ನು ಅಂಗಡಿಗೆ ಕರೆದೊಯ್ಯಿರಿ. ನಿಮ್ಮ ತಲೆಯ ಅಳತೆ ಅವರಿಗೆ ಒಗ್ಗುವುದಿಲ್ಲ. ಪಟ್ಟಿ ಬಿಗಿದ ಮೇಲೆ ಹಿಂಭಾಗದಿಂದ ಎತ್ತಿ ನೋಡಿ, ಕಳಚಿ ಬಂದರೆ ಚಿಕ್ಕದು ಕೇಳಿ. ಹೋಗುವಾಗ ಮಾತ್ರ ದಯವಿಟ್ಟು ಬಸ್ಸಿನಲ್ಲಿ ಹೋಗಿ.